ಕೂಗಿದಾಗ ಹಾಲಮ್ಮ ಇರಲಿಲ್ಲ

ನಾನು ಶಿವಮೊಗ್ಗದ ರಾಗಿಗುಡ್ಡಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿನ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹಾಲಮ್ಮನ ಮನೆ ನಮ್ಮ ಮನೆಯಿಂದ ನಾಲ್ಕನೆಯದು. ಒಂದೇ ನಲ್ಲಿಯ ಮುಂದೆ ಕೊಡ ಸಾಲಿಗಿಟ್ಟು ಪರಿಚಯವಾದವರು ನಾವು. ಗಟ್ಟಿ ಹೆಂಗಸು. ಎರಡು ಕೊಡ ಹೊತ್ತು ಏರು ಹತ್ತುವಾಗಲೂ ಮಾತು ನಿಲ್ಲಿಸುತ್ತಿರಲಿಲ್ಲ. ಆದರೆ ತಿರುವಿನಲ್ಲಿ ಪೊಲೀಸ್ ಜೀಪು ಕಂಡರೆ ಸಾಕು, ಮಾತು ಅಲ್ಲೇ ತುಂಡಾಗಿ ಯಾರದೋ ಮನೆಯ ಜಗಲಿ ಹತ್ತಿ ನಿಂತುಬಿಡುವಳು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬರುವ ಮೊದಲೇ ಆಧಾರ್ ಕಾರ್ಡು ತೆಗೆದು ಎದೆಗೆ ಹಿಡಿದಿರುತ್ತಿದ್ದಳು. ಅವನದೂ ಖಾಕಿಯೇ ತಾನೆ.

ಕಾರಣ ಒಮ್ಮೆ ಹೇಳಿದ್ದಳು. ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಎಂಟು ವರ್ಷದವಳಿದ್ದಾಗ, ಯಾವುದೋ ಹೊಡೆದಾಟದ ಮರುದಿನ ಪೊಲೀಸರು ಅವಳ ಅಪ್ಪನನ್ನು ಕರೆದುಕೊಂಡು ಹೋದರು. ಅವರಿಗೆ ಬೇಕಾಗಿದ್ದವನು ಬೇರೆ, ಹೆಸರು ಮಾತ್ರ ಒಂದೇ. ಮೂರನೆಯ ದಿನ ಅಪ್ಪ ವಾಪಸ್ಸು ಬಂದ. ಅಲ್ಲಿ ಏನಾಯಿತೆಂದು ಯಾರಿಗೂ ಹೇಳಲಿಲ್ಲ. ಸಾಯುವವರೆಗೂ ಆ ಸ್ಟೇಷನ್ನಿನ ಬೀದಿಗೆ ಕಾಲಿಡಲಿಲ್ಲ. ಸಂತೆಗೆ ಹೋಗಬೇಕಾದರೂ ಸುತ್ತು ಹಾಕಿಕೊಂಡೇ ಹೋಗುತ್ತಿದ್ದ.

"ಅಪ್ಪ ಏನೂ ಹೇಳ್ಲಿಲ್ಲ ಟೀಚರೇ. ಹೇಳಿದ್ರೆ ಇಷ್ಟು ಹೆದ್ರಿಕೆ ಆಗ್ತಿರ್ಲಿಲ್ಲವೇನೋ" ಎಂದಿದ್ದಳು.

ಮದುವೆಯಾಗಿ ಶಿವಮೊಗ್ಗಕ್ಕೆ ಬಂದಳು. ಮಗಳು ಸುಶ್ಮಿತಾ ಐದನೆಯ ಕ್ಲಾಸಿನಲ್ಲಿದ್ದಾಗ ಗಂಡ ಕಾಮಾಲೆಯಿಂದ ತೀರಿಕೊಂಡ. ಆಮೇಲೆ ಹಾಲಮ್ಮ ಭದ್ರಾವತಿ ರಸ್ತೆಯ ಬದಿಯ ಒಂದು ಸಣ್ಣ ಫೌಂಡ್ರಿಗೆ ಸೇರಿದಳು. ಕಬ್ಬಿಣ ಕರಗಿಸಿ ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಶೆಡ್ಡು ಅದು. ಒಳಗೆ ಟೊಳ್ಳಿರಬೇಕಾದ ಭಾಗವಾದರೆ ಅಚ್ಚಿನ ನಡುವೆ ಮರಳಿನ ಗಟ್ಟಿಯೊಂದನ್ನು ಇಡುತ್ತಾರೆ. ಅದಕ್ಕೆ ಕೋರ್ ಅನ್ನುತ್ತಾರೆ. ಕೋರ್ ಮಾಡುವುದು ಹೆಂಗಸರ ಕೆಲಸ. ಹಾಲಮ್ಮನೂ ಹುಚ್ಚಮ್ಮ ಎಂಬ ಇನ್ನೊಬ್ಬಳೂ ಒಂಬತ್ತು ವರ್ಷ ಅಕ್ಕಪಕ್ಕ ನಿಂತು ಆ ಕೆಲಸ ಮಾಡಿದರು. ಶೆಡ್ಡಿನಲ್ಲಿ ಎಷ್ಟೇ ಜನ ದುಡಿಯಲಿ, ಹಾಜರಿ ಪುಸ್ತಕದಲ್ಲಿ ಎಂಟೇ ಹೆಸರು. ಹತ್ತು ಜನರಿದ್ದರೆ ಮಾಲೀಕ ಕಾರ್ಮಿಕರ ವಿಮೆ ಮಾಡಿಸಬೇಕು, ಹಾಗಾಗಿ ಯಾರಿಗೂ ಆ ಇ.ಎಸ್.ಐ. ಕಾರ್ಡು ಇರಲಿಲ್ಲ.

2021ರ ಆಗಸ್ಟಿನ ಒಂದು ಬೆಳಗ್ಗೆ, ಹನ್ನೊಂದರ ಹೊತ್ತು. ಮರಳಿಗೆ ಅಂಟು ಬೆರೆಸಿ ಕಲಸುವ ಮಿಕ್ಸರಿನ ಅಂಚಿಗೆ ಮೆತ್ತಿಕೊಂಡದ್ದನ್ನು ಕೆರೆಯುತ್ತಿದ್ದಾಗ ಹಾಲಮ್ಮನ ಬಲಗೈ ಒಳಕ್ಕೆ ಹೋಯಿತು. ಮಿಕ್ಸರ್ ನಿಲ್ಲಿಸಿ ಕೆರೆಯಬೇಕೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಲ್ಲಿಸುತ್ತ ಕೂತರೆ ಆ ದಿನದ ಕೆಲಸ ಮುಗಿಯುವುದಿಲ್ಲವೆಂದೂ ಗೊತ್ತಿತ್ತು. ಹುಚ್ಚಮ್ಮ ಓಡಿ ಹೋಗಿ ಸ್ವಿಚ್ಚು ಆರಿಸಿದಳು. ಅಷ್ಟರಲ್ಲಿ ಮೂರು ಬೆರಳು ಹೋಗಿದ್ದವು.

ಸೂಪರ್‌ವೈಸರ್ ನಾಗೇಶ್ ಅವಳನ್ನು ತನ್ನ ಕಾರಿನಲ್ಲೇ ಕೂರಿಸಿಕೊಂಡು ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿಗೆ ಓಡಿಸಿದ. ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದ.

"ಹಾಲಮ್ಮ, ಕೇಳಿಸ್ಕೋ. ಮನೇಲಿ ಗ್ರೈಂಡರ್‌ಗೆ ಕೈ ಸಿಕ್ತು ಅಂತ ಹೇಳು. ಫ್ಯಾಕ್ಟರೀಲಿ ಅಂದ್ರೆ ಕೇಸಾಗುತ್ತೆ, ಪೊಲೀಸ್ರು ಆಸ್ಪತ್ರೆಗೇ ಬರ್ತಾರೆ. ಖರ್ಚೆಲ್ಲ ಓನರ್ ನೋಡ್ಕೋತಾರೆ. ಕೆಲಸಾನೂ ಎಲ್ಲೂ ಹೋಗಲ್ಲ."

ಪೊಲೀಸರು ಎಂಬ ಒಂದು ಮಾತೇ ಸಾಕಾಯಿತು. ನರ್ಸ್ ಕೇಳಿದಾಗ ಉತ್ತರ ಕೊಟ್ಟವನು ನಾಗೇಶ್, ತಲೆ ಆಡಿಸಿದವಳು ಹಾಲಮ್ಮ. ಅವಳಿಗೆ ಸಹಿ ಹಾಕಲು ಬರುತ್ತದೆ. ಆದರೆ ಬಲಗೈಗೆ ಬಟ್ಟೆ ಸುತ್ತಿದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು.

ಆಸ್ಪತ್ರೆಯ ಬಿಲ್ಲನ್ನು ಓನರ್ ಕೊಟ್ಟದ್ದು ನಿಜ. ಎರಡೂವರೆ ತಿಂಗಳಾದ ಮೇಲೆ ಹಾಲಮ್ಮ ಕೆಲಸಕ್ಕೆ ಹೋದಳು. ಆ ಕೈಯಲ್ಲಿ ಏನು ಕೆಲಸ ಮಾಡ್ತೀಯಮ್ಮ ಎಂದು ಗೇಟಿನಿಂದಲೇ ಕಳಿಸಿದರು. ಆ ಹೊತ್ತಿಗೆ ಸುಶ್ಮಿತಾ ಬಿ.ಕಾಂ. ಮುಗಿಸಿ ಗಾಂಧಿ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಬಿಲ್ಲು ಮಾಡುತ್ತಿದ್ದಳು. ಯಾರ ಮಾತೂ ಕೇಳದೆ ಅಮ್ಮನನ್ನು ಕರೆದುಕೊಂಡು ಹೋಗಿ ಶೀತಲ್ ಎಂಬ ವಕೀಲೆಯ ಮುಂದೆ ಕೂರಿಸಿದಳು. ಕೆಲಸದಲ್ಲಿ ಆದ ಅಪಘಾತಕ್ಕೆ ಪರಿಹಾರ ಕೊಡಿಸಬೇಕೆಂದು ಶಿವಮೊಗ್ಗದ ಸಿವಿಲ್ ಕೋರ್ಟಿನಲ್ಲಿ ಅರ್ಜಿ ಬಿತ್ತು.

ಕೋರ್ಟಿನ ನೋಟಿಸು ಶೆಡ್ಡಿಗೆ ಮುಟ್ಟಿದ ವಾರಕ್ಕೆ ನಾಗೇಶ್ ಮನೆಗೆ ಬಂದ. ಸುಶ್ಮಿತಾ ಅಂಗಡಿಗೆ ಹೋಗಿದ್ದಳು. ಕಾಫಿ ಮಾಡ್ತೀನಿ ಅಂದರೆ ಬೇಡವೆಂದು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಅವಳ ಮುಂದೆ ಹಿಡಿದ. ನರ್ಸಿಂಗ್ ಹೋಮಿನ ಕಾಗದ.

"ಇದ್ರಲ್ಲಿರೋ ಹೆಬ್ಬೆಟ್ಟು ಯಾರ್ದು ಹೇಳು?"

"ನಂದೇ ನಾಗೇಶಣ್ಣ."

"ಇದ್ರಲ್ಲಿ ಮನೆ ಅಂತ ಇದೆ. ಕೋರ್ಟಲ್ಲಿ ಫ್ಯಾಕ್ಟರಿ ಅಂತ ಪ್ರಮಾಣ ಮಾಡ್ತೀಯಾ? ಎರಡ್ರಲ್ಲಿ ಒಂದು ಸುಳ್ಳಾಯ್ತಲ್ಲ ಮಾರಾಯ್ತಿ. ಸುಳ್ಳು ಅಂತ ಗೊತ್ತಾದ್ರೆ ಜಡ್ಜು ಅಲ್ಲಿಂದ್ಲೇ ಒಳಗೆ ಕಳಿಸ್ತಾರೆ. ಮಗಳಿಗೆ ಮದ್ವೆ ಆಗ್ಬೇಕು. ಯೋಚ್ನೆ ಮಾಡು."

ಅವನು ಗದರಿಸಲಿಲ್ಲ, ಮೆಲ್ಲಗೇ ಹೇಳಿದ. ಮಾತಾಡುವಷ್ಟು ಹೊತ್ತೂ ಅವನು ತನ್ನ ಮುಖ ನೋಡಿರಲಿಲ್ಲ ಎಂದು ಹಾಲಮ್ಮ ಬಹಳ ದಿನದ ಮೇಲೆ ನೆನಪಿಸಿಕೊಂಡಳು. ಆ ಹೊತ್ತಿನಲ್ಲಿ ಅವಳಿಗೆ ಕಂಡದ್ದು ತನ್ನ ಹೆಬ್ಬೆಟ್ಟು ಮಾತ್ರ.

ಇದನ್ನು ಅವಳು ಮಗಳಿಗೆ ಹೇಳಲಿಲ್ಲ, ವಕೀಲರಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ.

ಮೊದಲ ಕೆಲವು ತಾರೀಕುಗಳಿಗೆ ಶೀತಲ್ ಒಬ್ಬರೇ ಹೋದರೆ ಸಾಕಿತ್ತು. ಆಮೇಲೆ ಹಾಲಮ್ಮನೇ ಕಟಕಟೆ ಹತ್ತಿ ಸಾಕ್ಷಿ ಹೇಳುವ ಹಂತ ಬಂತು. ಆ ದಿನ ಅವಳು ಒಗೆದಿಟ್ಟ ಸೀರೆ ಉಟ್ಟು ಹತ್ತೂಕಾಲಿಗೆಲ್ಲ ಕೋರ್ಟಿನ ಗೇಟು ಮುಟ್ಟಿದಳು. ಒಳಗೆ ಜೈಲಿನ ವ್ಯಾನು ನಿಂತಿತ್ತು. ಇಬ್ಬರ ಕೈಗಳನ್ನು ಒಂದಕ್ಕೊಂದು ಸೇರಿಸಿ ಬೇಡಿ ಹಾಕಿ ಪೇದೆಗಳು ಇಳಿಸುತ್ತಿದ್ದರು. ಅದರಲ್ಲೊಬ್ಬ ಇಳಿಯುತ್ತ ಗೇಟಿನತ್ತ ನೋಡಿದ. ತನ್ನನ್ನೇ ನೋಡಿದ ಹಾಗಾಯಿತು ಹಾಲಮ್ಮನಿಗೆ. ಬೆನ್ನು ತಿರುಗಿಸಿದವಳು ಬಸ್ ಸ್ಟ್ಯಾಂಡಿನವರೆಗೆ ಎಲ್ಲೂ ನಿಲ್ಲಲಿಲ್ಲ. ಅಲ್ಲಿ ಮೂರು ಗಂಟೆಯವರೆಗೆ ಕೂತು ಮನೆಗೆ ಬಂದಳು.

"ಡೇಟ್ ಮುಂದಕ್ಕೆ ಹಾಕಿದ್ರು ಕಣೆ" ಎಂದಳು ಮಗಳಿಗೆ.

ಮುಂದಿನ ಸಲ ಗೇಟಿನವರೆಗೂ ಹೋಗಲಿಲ್ಲ. ಅದರ ಮುಂದಿನ ಸಲ ಹೊಳಲೂರಿನ ಬಸ್ಸು ಹತ್ತಿ, ಅಲ್ಲಿ ಇಳಿದು, ಅದೇ ಬಸ್ಸಿನಲ್ಲಿ ವಾಪಸ್ಸು ಬಂದಳು. ಹೀಗೆ ಐದು ತಾರೀಕು. ದಿನ ಹತ್ತಿರ ಬಂದ ಹಾಗೆ ಅನ್ನ ಸೇರುತ್ತಿರಲಿಲ್ಲ. ನಲ್ಲಿಯ ಹತ್ತಿರ ಅವಳ ಮಾತು ಕಡಿಮೆಯಾದದ್ದನ್ನು ನಾನೂ ಗಮನಿಸಿದ್ದೆ. ಕೈ ನೋವಿರಬೇಕು ಅಂದುಕೊಂಡೆ. ಫೋನಿನಲ್ಲಿ ಲಾಯರ್ ಮೇಡಂ ಎಂದು ಬಂದರೆ ಅದನ್ನು ಅಕ್ಕಿ ಡಬ್ಬಿಯೊಳಗೆ ಹೂತು ಮುಚ್ಚಳ ಹಾಕಿಬಿಡುತ್ತಿದ್ದಳು. ಒಮ್ಮೆ ಮಾತ್ರ ಎತ್ತಿ ಜ್ವರ ಎಂದಳು. ಅರ್ಜಿ ಹಾಕುವಾಗ ಕೊಟ್ಟದ್ದು ಅವಳ ನಂಬರೊಂದೇ. ಹಾಗಾಗಿ ಶೀತಲ್‌ಗೆ ಮಗಳನ್ನು ಹಿಡಿಯುವ ದಾರಿಯೂ ಇರಲಿಲ್ಲ.

2024ರ ಜನವರಿಯಲ್ಲಿ ಕೋರ್ಟು ಬರೆದದ್ದು ಇಷ್ಟೇ: ಅರ್ಜಿದಾರರನ್ನು ಕೂಗಿಸಲಾಯಿತು, ಗೈರುಹಾಜರು, ಸಾಕಷ್ಟು ಅವಕಾಶ ಕೊಟ್ಟರೂ ಅರ್ಜಿಯನ್ನು ನಡೆಸಿಲ್ಲ, ಆದ್ದರಿಂದ ವಜಾ.

ಹಾಲಮ್ಮನಿಗೆ ಇದು ತಿಳಿಯಲಿಲ್ಲ. ಅಕ್ಕಿ ಡಬ್ಬಿಯಲ್ಲಿ ಫೋನು ಮೊಳಗುವುದು ನಿಂತಿತು, ಅಷ್ಟೇ. ಒಂದೆರಡು ವಾರ ಹಾಯೆನಿಸಿತು. ಆಮೇಲೆ ಆ ಸದ್ದಿಲ್ಲದಿರುವುದೇ ಅವಳನ್ನು ತಿನ್ನತೊಡಗಿತು. ಕರೆಯುವುದನ್ನು ಬಿಟ್ಟಿದ್ದಾರೆಂದರೆ ವಾರಂಟ್ ಹೊರಟಿದೆ ಎಂದೇ ಅವಳ ಲೆಕ್ಕ. ಬಾಗಿಲಿಗೆ ಕೊರಿಯರಿನವನು ಬಂದರೂ ಹಿತ್ತಲಿಗೆ ಓಡುವಳು.

ಮೇ ತಿಂಗಳಲ್ಲಿ ಸೀರೆ ಅಂಗಡಿಯ ಇನ್ನೊಬ್ಬ ಹುಡುಗಿ ತನ್ನ ಮನೆಯ ಜಾಗದ ಕೇಸು ಎಲ್ಲಿಗೆ ಬಂತೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದಳಂತೆ. ಸುಶ್ಮಿತಾ ತನ್ನ ಅಮ್ಮನದನ್ನೂ ಹುಡುಕಿದಳು. ಮುಕ್ತಾಯ ಎಂದಿತ್ತು. ಕೆಳಗೆ ವಜಾ ಎಂದಿತ್ತು.

ಅವಳು ಸಂಜೆ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ರುಬ್ಬಿದ ಹಿಟ್ಟು ಕೊಡಲು ಹೋಗಿದ್ದೆ. ಹುಡುಗಿ ಹೆಗಲಿನ ಬ್ಯಾಗು ಕೂಡ ಇಳಿಸಲಿಲ್ಲ.

"ಅಮ್ಮ, ನೀನು ಕೋರ್ಟಿಗೆ ಹೋಗ್ತಿದ್ದೆ ತಾನೆ?"

"ಹೋಗ್ತಿದ್ದೆ."

"ಒಳಗೆ ಹೋಗ್ತಿದ್ಯಾ?"

ಹಾಲಮ್ಮ ಒಲೆಯ ಪಕ್ಕ ಕುಕ್ಕರಿಸಿದಳು. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೇಸು ಬಿದ್ದೋಗಿದೆ ಅಮ್ಮ. ನೀನು ಬರ್ಲೇ ಇಲ್ಲ ಅಂತ ಬರ್ದಿದ್ದಾರೆ. ನಾಲ್ಕು ತಿಂಗಳಾಯ್ತು!"

"ಮತ್ತೆ... ಪೊಲೀಸ್ರು ಬರ್ತಾರೇನೇ?" ಎಂದಳು ಹಾಲಮ್ಮ. "ನನ್ನ ಕರ್ಕೊಂಡು ಹೋಗ್ತಾರಾ?"

ಬೈಯಲೆಂದೇ ಬಂದಿದ್ದ ಸುಶ್ಮಿತಾ ಬ್ಯಾಗು ಇಳಿಸಿ ಅಮ್ಮನ ಪಕ್ಕ ಕೂತಳು. ನಾನು ಬಾಗಿಲು ಹಾಕಿದೆ. ಅಲ್ಲಿಂದ ಮುಂದೆ ಕಾರು, ಹೆಬ್ಬೆಟ್ಟು, ನಾಗೇಶನ ಫೋಟೊ, ಹೊಳಲೂರಿನ ಬಸ್ಸು ಎಲ್ಲ ಒಂದೊಂದಾಗಿ ಹೊರಬಂದವು. ಹೇಳುತ್ತಿದ್ದಷ್ಟು ಹೊತ್ತೂ ಅವಳ ಕಣ್ಣು ಬಾಗಿಲ ಮೇಲಿತ್ತು.

ಎರಡು ದಿನ ಬಿಟ್ಟು ಮೂವರೂ ಶೀತಲ್ ಆಫೀಸಿಗೆ ಹೋದೆವು. ಅವರಿಗೆ ಸಿಟ್ಟಿತ್ತು. ಸಿಟ್ಟಿರುವುದು ನ್ಯಾಯವೂ ಆಗಿತ್ತು.

"ಎಷ್ಟು ಸಲ ಫೋನ್ ಮಾಡಿದೀನಿ ಹಾಲಮ್ಮ? ನಮ್ಮ ಪಾರ್ಟಿ ಸಂಪರ್ಕಕ್ಕೇ ಸಿಗ್ತಿಲ್ಲ ಅಂತ ಜಡ್ಜ್ ಮುಂದೆ ನಾನೇ ಹೇಳ್ಬೇಕಾಯ್ತು. ನನಗೆ ಎಷ್ಟು ಅವಮಾನ ಗೊತ್ತಾ?"

ಆಮೇಲೆ ನೀರು ಕುಡಿದು ಸಮಾಧಾನದಲ್ಲಿ ವಿವರಿಸಿದರು. ವಜಾ ಆದ ಕೇಸನ್ನು ಮತ್ತೆ ನಡೆಸಿ ಎಂದು ಕೇಳಲು ದಾರಿ ಇದೆ. ಆದರೆ ಮೂವತ್ತು ದಿನದೊಳಗೆ ಕೇಳಬೇಕಿತ್ತು. ಈಗ ಬಾರದಿದ್ದುದಕ್ಕೂ ತಡವಾದುದಕ್ಕೂ ಕಾರಣ ಹೇಳಿ ಪ್ರಮಾಣಪತ್ರ ಕೊಡಬೇಕು. ಅವರ ಗುಮಾಸ್ತ ಅತುಲ್ ಕಂಪ್ಯೂಟರಿನ ಮುಂದಿನಿಂದಲೇ, "ಮೇಡಂ, ಜಾಂಡೀಸ್ ಅಂತ ಹಾಕೋಣ. ಸರ್ಟಿಫಿಕೇಟ್ ತರಿಸ್ಬಹುದು, ಎಲ್ರೂ ಅದನ್ನೇ ಹಾಕೋದು" ಎಂದ.

ಹಾಲಮ್ಮ ಎದ್ದು ನಿಂತಳು. "ಬೇಡಪ್ಪ. ಒಂದು ಸುಳ್ಳು ಕಾಗದಕ್ಕೇ ನನ್ನ ಜೀವ ಹಿಂಗಾಗಿದೆ. ಇನ್ನೊಂದಕ್ಕೆ ಹೆಬ್ಬೆಟ್ಟು ಒತ್ತಲ್ಲ."

ಅದು ಧೈರ್ಯದ ಮಾತಲ್ಲ. ಹೆದರಿಕೆಯ ಮೇಲೆ ಇನ್ನಷ್ಟು ಹೆದರಿಕೆ ಹೊರಲಾರದವಳ ಮಾತು. ಶೀತಲ್ ಅವಳನ್ನು ಕೂರಿಸಿ ಇಡೀ ಕಥೆ ಕೇಳಿದರು.

"ಇಂಥ ಆಸ್ಪತ್ರೆ ಕಾಗದ ತಿಂಗಳಿಗೆ ಒಂದಾದ್ರೂ ನೋಡ್ತೀನಿ. ಯಾಕೆ ಹಾಗೆ ಬರೆಸಿದ್ರು ಅಂತ ನಿಜ ಹೇಳಿದ್ರೆ ನಿಮ್ಮನ್ನ ಯಾರೂ ಒಳಗೆ ಹಾಕಲ್ಲ. ಇದನ್ನ ಮೊದ್ಲೇ ನನ್ನ ಹತ್ರ ಹೇಳ್ಬಾರ್ದಿತ್ತಾ?"

ವಾಪಸ್ಸು ಬರುವಾಗ ಹಾಲಮ್ಮ ನನಗೆ ಹೇಳಿದಳು: "ಮೇಡಂ ಹೇಳಿದ್ದು ತಲೆಗೆ ಅರ್ಥ ಆಯ್ತು ಟೀಚರೇ. ಹೊಟ್ಟೆಗೆ ಅರ್ಥ ಆಗ್ಲಿಲ್ಲ."

ಜುಲೈನಲ್ಲಿ ವಿಚಾರಣೆ. ಸುಶ್ಮಿತಾಗೆ ರಜೆ ಸಿಗದೆ ನಾನು ರಜೆ ಹಾಕಿ ಜತೆಗೆ ಹೋದೆ. ಗೇಟಿನ ಹತ್ತಿರ ಅವಳು ನಿಂತುಬಿಟ್ಟಳು. ನಾನು ಕೈ ಹಿಡಿದು, ಎಳೆಯಲಿಲ್ಲ, ಸುಮ್ಮನೆ ಹಿಡಿದು ನಿಂತೆ. ಐದು ನಿಮಿಷವಾದ ಮೇಲೆ ಅವಳೇ ಹೆಜ್ಜೆ ಇಟ್ಟಳು. ಕಾರಿಡಾರಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದೆವು. ಪ್ರತಿ ಹೆಸರು ಕೂಗಿದಾಗಲೂ ಅವಳ ಉಗುರು ನನ್ನ ಮಣಿಕಟ್ಟಿಗೆ ಇಳಿಯುತ್ತಿತ್ತು. ಕೊನೆಗೆ ಅವಳ ಹೆಸರನ್ನೇ ಕೂಗಿದರು. ಕೈ ಎತ್ತಿದಳು, ಅದೂ ಆ ಬಲಗೈ.

ಶೆಡ್ಡಿನ ಕಡೆಯ ವಕೀಲರು ಬಲವಾಗಿಯೇ ವಾದ ಮಾಡಿದರು. ಐದು ತಾರೀಕು ತಪ್ಪಿಸಿದ್ದಾರೆ, ಹೆದರಿಕೆಯಾಯಿತು ಎನ್ನುವುದು ಕಾನೂನಿನಲ್ಲಿ ಕಾರಣವಲ್ಲ, ಇದನ್ನು ಒಪ್ಪಿದರೆ ನಾಳೆ ಎಲ್ಲರೂ ಇದನ್ನೇ ಹೇಳುತ್ತಾರೆ. ನ್ಯಾಯಾಧೀಶರು ಪ್ರಮಾಣಪತ್ರವನ್ನು ಎರಡು ಸಲ ಓದಿ ತಲೆ ಎತ್ತಿದರು.

"ಯಾರಿಗೆ ಹೆದರಿದ್ರಿ ಅಮ್ಮ?"

"ನಿಮಗೇ ಸ್ವಾಮಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಾಲಮ್ಮನ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬರೆಸತೊಡಗಿದರು. ಕೇಸು ಮತ್ತೆ ಫೈಲಿಗೆ ಬಂತು. ಆದರೆ ಷರತ್ತು: ಪ್ರತಿ ತಾರೀಕಿಗೂ ಅರ್ಜಿದಾರರು ಖುದ್ದು ಹಾಜರಿರಬೇಕು, ಇನ್ನೊಮ್ಮೆ ತಪ್ಪಿದರೆ ಅವಕಾಶವಿಲ್ಲ. ಗೆದ್ದೆವೆಂದು ನನಗೆ ಅನಿಸಿತು. ಹಾಲಮ್ಮ ಹೊರಗೆ ಬಂದು ಗೋಡೆ ಹಿಡಿದು ವಾಂತಿ ಮಾಡಿದಳು.

ಸಾಕ್ಷಿಗೆ ಹುಚ್ಚಮ್ಮ ಬಂದರೆ ಬಲ ಬರುತ್ತದೆ ಎಂದಿದ್ದರು ಶೀತಲ್. ಹಾಲಮ್ಮ ಭದ್ರಾವತಿಗೆ ಹೋಗಿ ಕೇಳಿಕೊಂಡಳು. ಹುಚ್ಚಮ್ಮ ಇನ್ನೂ ಆ ಶೆಡ್ಡಿನಲ್ಲೇ ಇದ್ದಳು, ಅಳಿಯನನ್ನೂ ಅಲ್ಲೇ ಸೇರಿಸಿದ್ದಳು. "ನಂಗೆ ಆಗಲ್ಲ ಕಣೆ ಹಾಲಿ" ಎಂದು ಅತ್ತಳಂತೆ. ಸುಶ್ಮಿತಾ ಕೆರಳಿದಳು. ಹಾಲಮ್ಮ, "ಅವ್ಳಿಗೆ ಬೈಬೇಡ. ಆ ಸಂಕಟ ನಂಗೊತ್ತು" ಎಂದಳು.

ಸೆಪ್ಟೆಂಬರಿನಲ್ಲಿ ಅವಳ ಸಾಕ್ಷಿ. ಪ್ರಮಾಣ ಮಾಡಿಸಿದಾಗ ಅವಳು ಕಟಕಟೆಯ ಅಂಚನ್ನು ಎಡಗೈಯಲ್ಲಿ ಹಿಡಿದುಕೊಂಡದ್ದು ಮೂರನೆಯ ಬೆಂಚಿನಲ್ಲಿದ್ದ ನನಗೂ ಕಾಣುತ್ತಿತ್ತು. ಎದುರಿನ ವಕೀಲರು ಹತ್ತು ಹನ್ನೆರಡು ಪ್ರಶ್ನೆ ಆದ ಮೇಲೆ ಆ ಕಾಗದವನ್ನು ತೆಗೆದು ಅವಳ ಕೈಗೆ ಕೊಟ್ಟರು.

"ಈ ಹೆಬ್ಬೆಟ್ಟು ನಿಮ್ಮದೇ?"

"ನಂದೇ."

"ಮನೆಯಲ್ಲಿ ಗ್ರೈಂಡರಿಗೆ ಸಿಕ್ಕಿ ಗಾಯವಾಯಿತು ಎಂದು ಇದರಲ್ಲಿದೆ. ಹೌದೋ ಅಲ್ಲವೋ?"

ಹಾಲಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಪೇದೆಯೊಬ್ಬ ನಿಂತಿದ್ದ. "ಇದೆ ಸ್ವಾಮಿ. ಅದು ಸುಳ್ಳು. ನಾಗೇಶಣ್ಣ ಹೇಳಿದ್ರು, ನಾನು ತಲೆ ಆಡಿಸ್ದೆ. ಪೊಲೀಸ್ರು ಬರ್ತಾರೆ ಅಂದ್ರು, ಅದಕ್ಕೆ."

ಎಲ್ಲರೂ ಟೈಪಿಸ್ಟ್ ಮುಗಿಸುವವರೆಗೆ ಕಾದರು. ಅವಳು ಕಣ್ಣು ಮುಚ್ಚಿ ನಿಂತಿದ್ದಳು, ಯಾರೋ ಬಂದು ತೋಳು ಹಿಡಿಯುತ್ತಾರೆ ಎಂಬ ಹಾಗೆ. ಪೇದೆ ಮೊಬೈಲು ನೋಡುತ್ತಿದ್ದ. ಆಗ ನ್ಯಾಯಾಧೀಶರೇ ಕೇಳಿದರು: "ನಿಮ್ಮ ಮನೆಯಲ್ಲಿ ಗ್ರೈಂಡರ್ ಇದೆಯಾ?"

"ಇಲ್ಲ ಸ್ವಾಮಿ. ಒರಳಲ್ಲೇ ರುಬ್ಬೋದು. ಈಗ ಅದೂ ಆಗಲ್ಲ. ಹಿಟ್ಟು ಟೀಚರ್ ಮನೆಯಿಂದ ಬರುತ್ತೆ."

ಇಳಿಯಿರಿ ಎಂದರು. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ ಮೇಲೆ ಇಳಿದಳು.

ತೀರ್ಪು 2025ರ ಮಾರ್ಚಿನಲ್ಲಿ ಬಂತು. ಗಾಯವಾದದ್ದು ಶೆಡ್ಡಿನಲ್ಲೇ ಎಂದು ಕೋರ್ಟು ಒಪ್ಪಿತು. ಕೂಲಿ ಎಷ್ಟೆಂದು ಹೇಳಲು ಕಾಗದವಿರಲಿಲ್ಲ, ಸಾಕ್ಷಿಯಿರಲಿಲ್ಲ. ಹಾಗಾಗಿ ಕೇಳಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿತು. ಕೇಸು ವಜಾ ಆಗಿ ಬಿದ್ದಿದ್ದ ತಿಂಗಳುಗಳ ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದ್ದರು. ಅದು ತನ್ನದೇ ತಪ್ಪು ಎಂದುಕೊಂಡು ಹಾಲಮ್ಮ ಯಾರನ್ನೂ ದೂರಲಿಲ್ಲ. ಈಗ ಅವಳು ಹೊಸಮನೆ ಬಡಾವಣೆಯ ಒಂದು ಲೇಡೀಸ್ ಪಿ.ಜಿ.ಯಲ್ಲಿ ಗೇಟು ನೋಡಿಕೊಳ್ಳುತ್ತಾಳೆ. ಹುಡುಗಿಯರು ಹೋಗುವ ಬರುವ ಹೊತ್ತನ್ನು ಎಡಗೈಯಲ್ಲಿ ಬರೆಯಲು ಕಲಿತಿದ್ದಾಳೆ.

ಈ ಜೂನ್‌ನಲ್ಲಿ ಹುಚ್ಚಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಭದ್ರಾವತಿಗೆ ಹೊರಟಿದ್ದಳು. ನಡುವಿನ ಒಂದು ಸ್ಟಾಪಿನಲ್ಲಿ ನಾಗೇಶ್ ಬಸ್ಸು ಹತ್ತಿದ. ಸೀಟಿದ್ದದ್ದು ಅವಳ ಪಕ್ಕದ ಸಾಲಿನಲ್ಲಿ ಮಾತ್ರ. ಅವಳು ಕಿಟಕಿಗೆ ಮುಖ ಒತ್ತಿಕೊಂಡಳು.

"ನನ್ನ ಹೆಸ್ರು ಹೇಳಿದ್ಯಂತೆ ಕೋರ್ಟಲ್ಲಿ."

"ಹೇಳ್ದೆ ನಾಗೇಶಣ್ಣ."

ಅವನು ಟಿಕೆಟ್ಟು ಮಡಿಸಿ ಜೇಬಿಗಿಟ್ಟುಕೊಂಡ. "ನನ್ನೂ ತೆಗ್ದು ಹಾಕಿದ್ರು. ತೀರ್ಪು ಬಂದ ತಿಂಗಳಿಗೆ" ಎಂದ. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಕೈ ಹೆಂಗಿದೆ?" ಎಂದು ಕೇಳಿದ.

"ಥಂಡಿಗೆ ನೋಯುತ್ತೆ."

ತಲೆ ಆಡಿಸಿ ಅವನು ಇಳಿದು ಹೋದ. ಅವಳು ಇಳಿಯಬೇಕಾದದ್ದು ಅದರ ಮುಂದಿನ ಸ್ಟಾಪು. ಅದು ಬಂದಾಗಲೂ ಮುಂದಿನ ಸೀಟಿನ ಸರಳು ಹಿಡಿದು ಕೂತೇ ಇದ್ದಳು. ಬಸ್ಸು ಅವಳನ್ನು ಕೊನೆಯವರೆಗೂ ಒಯ್ದಿತು. ಅಲ್ಲಿಂದ ನಡೆದುಕೊಂಡು ಹಿಂದೆ ಬರುವಷ್ಟರಲ್ಲಿ ಹೆಸರಿಡುವುದು ಮುಗಿದು ಊಟದ ಎಲೆ ಹಾಕಿದ್ದರು.

"ಯಾಕೆ ಇಷ್ಟು ತಡ ಅಂತ ಕೇಳಿದ್ಲು ಹುಚ್ಚಿ" ಎಂದಳು ಮಾರನೆಯ ದಿನ ನನ್ನ ಹತ್ತಿರ. "ಸ್ಟಾಪು ತಪ್ಪೋಯ್ತು ಅಂದೆ ಟೀಚರೇ. ಪಕ್ಕದಲ್ಲೇ ಕೂರಿಸ್ಕೊಂಡು ಬಡಿಸಿದ್ಲು."